ಶಿವಮೊಗ್ಗೆಯಿಂದ ಬೆಂಕೀಪುರಕ್ಕೆ

ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ನಡುವೆ ಹಿರಿಯರ ಲೆಕ್ಕದಲ್ಲಿ ಹನ್ನೆರಡು ಮೈಲಿ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಿವಮೊಗ್ಗೆಯಲ್ಲಿ ಉಪಾಧ್ಯಾಯರಾಗಿದ್ದು, ಅಕ್ಕನನ್ನು ನೋಡಿಬರುವುದಕ್ಕಾಗಿ ಭದ್ರಾವತಿಗೆ ಹೋಗುತ್ತ ಬರುತ್ತ ಇದ್ದ ನಾವು ಈ ಹಾದಿಯನ್ನು ಎಷ್ಟು ಬಾರಿ ಕ್ರಮಿಸಿರುವೆವೋ ನಮಗೇ ತಿಳಿಯದು. ಇಷ್ಟು ಪರಿಚಿತವಾದ ಹಾದಿಯನ್ನು ಕುರಿತು ಪ್ರವಾಸಲೇಖನವನ್ನು ಬರೆಯುವುದು ಹಾಸ್ಯಾಸ್ಪದವೆಂದು ವಾಚಕರಿಗೆ ತೋರಬಹುದು. ಆದರೆ ಕಳೆದ ಜೂನ್ ತಿಂಗಳಲ್ಲಿ ಅಕ್ಕನ ಮೊಮ್ಮಗನನ್ನು ಜೊತೆಯಲ್ಲಿ ಕರೆದುಕೊಂಡು ಹೋದಾಗ ಅದೇ ಹಾದಿಯು ಬೇರೊಂದಾಗಿ ಕಂಡಿತಾದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುವ ಧೈರ್ಯಮಾಡಿರುವೆವು.

ಹುಡುಗನಿಗೆ ಹದಿನೈದು ವರ್ಷ. ಅವನ ತಂದೆ ಹುಟ್ಟಿ ಬೆಳೆದದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ವಸತಿಗೃಹದಲ್ಲಿ. ಇಂಜಿನಿಯರಿಂಗ್ ಓದಿ ಸಿಂಗಾಪುರಕ್ಕೆ ಹೋಗಿ ಹದಿನೇಳು ವರ್ಷಗಳಾದುವು. ಅಲ್ಲಿ ಕುಟುಂಬದವರೆಲ್ಲರೂ ಖಾಯಂ ನಿವಾಸಿಗಳೆಂಬ ಹಕ್ಕನ್ನು ಪಡೆದಿರುವರು. ರಹದಾರಿ ಮಾತ್ರ ಇಂದಿಗೂ ಭಾರತದ್ದೇ. ಶಾಲೆಗೆ ಒಂದು ತಿಂಗಳು ರಜೆಯೆಂದು ಹುಡುಗನು ಒಬ್ಬನೇ ಬಂದು, 2023ರಲ್ಲಿ ಆರಂಭವಾದ ಸೋಗಾನೆಯ ವಿಮಾನನಿಲ್ದಾಣದಲ್ಲಿ ಇಳಿದನು. ಕನ್ನಡವನ್ನು ಚೆನ್ನಾಗಿ ಆಡುವನು. ಓದಲು ಮಾತ್ರ ತಡವರಿಸುವನು. ನಾಲ್ಕು ದಿನ ನಮ್ಮಲ್ಲಿದ್ದು ಅನಂತರ ಅಜ್ಜಿಯ ಮನೆಗೆ ಹೋಗತಕ್ಕದ್ದೆಂದು ಏರ್ಪಾಡಾಗಿತ್ತು.

ಮೊದಲನೆಯ ದಿನ ಅವನನ್ನು ಶಿವಪ್ಪನಾಯಕನ ಅರಮನೆಗೆ ಕರೆದೊಯ್ದೆವು. ಹೆಸರು 1645ರಿಂದ 1660ರ ವರೆಗೆ ಕೆಳದಿಯ ರಾಜ್ಯವನ್ನಾಳಿದ ಆ ಪ್ರಭುವಿನದಾದರೂ, ಈಗಿರುವ ಕಟ್ಟಡವು ಹೈದರನ ಕಾಲದ್ದೆಂದು ಹೇಳುವವರುಂಟು. ಮರದ ಕಂಬಗಳನ್ನು ನೋಡಿ ಹುಡುಗನಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಅವನು ನಿಂತದ್ದು ಅಂಗಳದಲ್ಲಿ, ಸಾಲಾಗಿ ನಿಲ್ಲಿಸಿರುವ ವೀರಗಲ್ಲುಗಳ ಮುಂದೆ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲಿನದರಲ್ಲಿ ಶಿವಸಾನ್ನಿಧ್ಯ, ಹೀಗೆ ನಾವು ಪಾಠ ಹೇಳುವ ಧಾಟಿಯಲ್ಲಿ ವಿವರಿಸಿದೆವು. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವರ ಕಲ್ಲುಗಳೂ ಹೀಗೆಯೇ ಇರುವುವೆಂದು ಹೇಳಿದೆವು.

ಹುಡುಗನು ಎಲ್ಲವನ್ನೂ ಕೇಳಿ, "ತಾತ, ಇವರು ತಾವಾಗಿ ಹೋದರೋ, ಹೋಗಲೇಬೇಕೆಂದು ಕರೆದರೋ?" ಎಂದನು.

ಇಷ್ಟು ವರ್ಷಗಳಲ್ಲಿ ಎಷ್ಟೋ ತರಗತಿಗಳ ಮಕ್ಕಳನ್ನು ಆ ಅಂಗಳಕ್ಕೆ ಕರೆದುಕೊಂಡು ಹೋಗಿರುವೆವು. ಯಾರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಉತ್ತರ ತೋಚದೆ ನಾವು ಸುಮ್ಮನಿರಲು, ಅವನೇ, "ನಾನು ಹೋಗಲೇಬೇಕು. ಹದಿನೆಂಟಕ್ಕೆ" ಎಂದನು.

ಅಂದು ರಾತ್ರಿ ಅವನ ತಂದೆಯೊಡನೆ ದೂರವಾಣಿಯಲ್ಲಿ ಮಾತನಾಡಿ ವಿಷಯವನ್ನು ತಿಳಿದುಕೊಂಡೆವು. ಸಿಂಗಾಪುರದಲ್ಲಿ 1967ರಿಂದ ಕಡ್ಡಾಯ ಸೈನ್ಯಸೇವೆ ಜಾರಿಯಲ್ಲಿರುವುದು. ಅಲ್ಲಿನ ಪೌರರ ಗಂಡುಮಕ್ಕಳಿಗೆ ಮಾತ್ರವಲ್ಲ, ಖಾಯಂ ನಿವಾಸಿಗಳ ಗಂಡುಮಕ್ಕಳಿಗೂ ಅದು ಅನ್ವಯಿಸುವುದು. ಉದ್ಯೋಗದ ಬಲದಿಂದ ಮೊದಲು ಹಕ್ಕನ್ನು ಪಡೆದ ತಂದೆಗೆ ವಿನಾಯಿತಿಯುಂಟು. ಅವನ ಮೂಲಕ ಪಡೆದ ಮಗನಿಗೆ ಇಲ್ಲ. ಹದಿನಾರೂವರೆ ವಯಸ್ಸಿಗೆ ಹೆಸರನ್ನು ನೋಂದಾಯಿಸಬೇಕು. ಹದಿನೆಂಟರ ಸುಮಾರಿಗೆ ಸೇರಿ ಎರಡು ವರ್ಷ ಪೂರ್ತಿ ಸೇವೆಮಾಡಬೇಕು. ಅಲ್ಲಿಗೂ ಮುಗಿಯದೆ, ಸಾಮಾನ್ಯ ಸೈನಿಕನಾದವನು ನಲವತ್ತು ವಯಸ್ಸಿನೊಳಗೆ ಕರೆದಾಗಲೆಲ್ಲ ಹೋಗಿ ಅಭ್ಯಾಸವನ್ನು ಒಪ್ಪಿಸಬೇಕು. ತಪ್ಪಿಸಿಕೊಂಡವನಿಗೆ 10,000 ಸಿಂಗಾಪುರ ಡಾಲರುಗಳ ವರೆಗೆ ದಂಡ, ಮೂರು ವರ್ಷಗಳ ವರೆಗೆ ಸೆರೆ, ಅಥವಾ ಎರಡೂ.

ಈ ಕಟ್ಟಳೆಯ ಕೈ ಅಲ್ಲಿಂದ ಭದ್ರಾವತಿಯ ಅಜ್ಜಿಯ ಮನೆಯ ವರೆಗೂ ಚಾಚಿರುವುದೆಂಬುದು ನಮಗೆ ಅಂದು ತಿಳಿಯಿತು. ಹದಿಮೂರು ವರ್ಷ ತುಂಬಿದ ಇಂತಹ ಹುಡುಗನು ಮೂರು ತಿಂಗಳು ಅಥವಾ ಅದಕ್ಕೂ ಮೇಲ್ಪಟ್ಟು ಹೊರದೇಶದಲ್ಲಿರಬೇಕಾದರೆ ಅಲ್ಲಿನ ಸರ್ಕಾರದ ನಿರ್ಗಮನಪತ್ರವನ್ನು ಪಡೆಯಬೇಕು. ಎರಡು ವರ್ಷ ಅಥವಾ ಹೆಚ್ಚು ಕಾಲವಾದರೆ ತಂದೆತಾಯಿಗಳು ಮುಚ್ಚಳಿಕೆಯನ್ನೂ ಬರೆದುಕೊಡಬೇಕು: 75,000 ಸಿಂಗಾಪುರ ಡಾಲರು, ಇಲ್ಲವೇ ಅವರಿಬ್ಬರ ವಾರ್ಷಿಕ ವರಮಾನದ ಅರ್ಧ, ಯಾವುದು ಹೆಚ್ಚೋ ಅದು. ಹುಡುಗನು ಹಿಂದಿರುಗದಿದ್ದರೆ ಹಣ ಹೋಯಿತು.

ನಾವು ಈ ವಿವರಗಳನ್ನು ಕೇಳಿ ಬೆಚ್ಚಿದುದಕ್ಕೆ ಬೇರೊಂದು ಕಾರಣವಿತ್ತು. ಬರುವ ವರ್ಷ ಮೊಮ್ಮಗನನ್ನು ಕರೆಸಿಕೊಂಡು ಪದವಿಪೂರ್ವ ತರಗತಿಯ ಎರಡು ವರ್ಷಗಳನ್ನು ತನ್ನ ಮನೆಯಲ್ಲಿಟ್ಟು ಓದಿಸಬೇಕೆಂದು ಅಕ್ಕನ ಹಂಬಲ. ಗಂಡ ತೀರಿಕೊಂಡ ಮೇಲೆ ಅವಳು ಒಬ್ಬಳೇ. ಎರಡು ವರ್ಷಗಳ ಹಿಂದೆ ಅವಳು ಕೇಳಿದಾಗ, "ಅದಕ್ಕೇನು, ನಮ್ಮ ಹುಡುಗ ನಮ್ಮ ಮನೆಯಲ್ಲಿದ್ದರೆ ಯಾರು ಕೇಳುವರು?" ಎಂದು ಭರವಸೆ ಕೊಟ್ಟವರು ನಾವೇ. ಸಂಸ್ಕೃತವನ್ನು ನಮ್ಮಲ್ಲಿ ಕಲಿಯಲಿ, ತುಂಗೆಯ ಮೇಲಣ ಮತ್ತೂರಿಗೆ ಕರೆದೊಯ್ದು ಸಂಸ್ಕೃತಸಂಭಾಷಣೆಯನ್ನು ಕೇಳಿಸುವೆವು ಎಂದೂ ಹೇಳಿದ್ದೆವು. ಅಕ್ಕನು ಆ ಮಾತನ್ನು ನಂಬಿ ಮನೆಗೆ ಸುಣ್ಣ ಹೊಡೆಸಿ, ಒಂದು ಕೋಣೆಯನ್ನು ಸಿದ್ಧಮಾಡಿ, ಮೇಜನ್ನೂ ಕೊಂಡಿದ್ದಳು. ಅರಿಯದ ವಿಷಯದಲ್ಲಿ ಉಪದೇಶ ಕೊಡುವುದು ನಮ್ಮ ವೃತ್ತಿಯವರಿಗೆ ಅಂಟಿದ ರೋಗವೆಂದು ಒಪ್ಪಿಕೊಳ್ಳುವೆವು.

ಐದನೆಯ ದಿನ ರೈಲಿನಲ್ಲಿ ಹೊರಟೆವು. ಬೀರೂರಿನಿಂದ ಶಿವಮೊಗ್ಗೆಗೆ ಬರುವ ಈ ಮಾರ್ಗವು 1899ರದು. ಮುಂಗಾರಿನ ಮೊದಲ ಮಳೆಗೆ ತುಂಗೆಯ ನೀರು ಕೆಂಪಾಗತೊಡಗಿತ್ತು. ಸೇತುವೆಯನ್ನು ದಾಟುವಾಗ ಹುಡುಗನು, ಇಲ್ಲಿಯೂ ಹದಿನೆಂಟಕ್ಕೆ ಸೈನ್ಯಕ್ಕೆ ಹೋಗಬೇಕೋ ಎಂದು ಕೇಳಿದನು. ಈ ಪ್ರಶ್ನೆಗಾದರೂ ನಮ್ಮಲ್ಲಿ ಉತ್ತರವಿತ್ತು. ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯಸೇವೆಯನ್ನು ವಿಧಿಸುವ ಅಧಿಕಾರವನ್ನು ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ರಾಜ್ಯಕ್ಕೆ ಉಳಿಸಿಕೊಟ್ಟಿದ್ದರೂ, ಸೈನ್ಯಕ್ಕೆ ಬಲವಂತವಾಗಿ ಸೇರಿಸುವ ಕಾನೂನನ್ನು ಭಾರತವು ಮಾಡಿಲ್ಲ. 1962ರಲ್ಲಿಯೂ ಮಾಡಲಿಲ್ಲ, 1971ರಲ್ಲಿಯೂ ಮಾಡಲಿಲ್ಲ. 2022ರ ಅಗ್ನಿಪಥವೂ ಇಷ್ಟವಿದ್ದವರು ಸೇರುವುದೇ. ಹಿಂದಿನ ಕಾಲದ ವಿನೋದವನ್ನು ನೋಡಿ: 1917ರಲ್ಲಿ ಇಂಗ್ಲಿಷರ ಸರ್ಕಾರವು ಇಲ್ಲಿ ಕಡ್ಡಾಯಸೇವೆಯ ಶಾಸನವನ್ನು ಮಾಡಿದಾಗ ಅದು ಬಿದ್ದದ್ದು ಇಲ್ಲಿಗೆ ವಲಸೆ ಬಂದಿದ್ದ ಅವರ ಜನದ ಮೇಲೆಯೇ, ಭಾರತೀಯರು ಮನಸ್ಸಿದ್ದರೆ ಸೇರಬಹುದಾಗಿತ್ತು. ಮರುವರ್ಷ ಹೈಫಾ ಪಟ್ಟಣದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಸವಾರರೂ ಸಂಬಳದ ಸೈನಿಕರೇ.

ಆದುದರಿಂದ ಹೊರದೇಶದಲ್ಲಿರುವ ನಮ್ಮ ಮಕ್ಕಳು ತಾಯ್ನಾಡಿಗೆ ಬಂದರೆ ಇಲ್ಲಿ ಹಿಡಿದಿಡುವವರಿಲ್ಲ. ಎಲ್ಲ ದೇಶದವರಿಗೂ ಈ ಭಾಗ್ಯವಿಲ್ಲ. ಹುಡುಗನ ತರಗತಿಯಲ್ಲಿ ಕೊರಿಯದ ಬಾಲಕನೊಬ್ಬನಿರುವನಂತೆ. ದಕ್ಷಿಣ ಕೊರಿಯದಲ್ಲಿ ಎರಡು ಪೌರತ್ವಗಳುಳ್ಳ ಹುಡುಗನು ಹದಿನೆಂಟು ತುಂಬುವ ವರ್ಷದ ಮಾರ್ಚಿ 31ರೊಳಗೆ ಕೊರಿಯದ ಪೌರತ್ವವನ್ನು ಬಿಡದಿದ್ದರೆ ಸೈನ್ಯಸೇವೆಯ ಋಣ ಅವನ ಬೆನ್ನಿಗಂಟುವುದು. ರಷ್ಯದ ರಹದಾರಿಯೂ ಇರುವವನನ್ನು ಆ ದೇಶವು ತನ್ನ ಪ್ರಜೆಯೆಂದೇ ಎಣಿಸುವುದು; ಇನ್ನೊಂದು ದೇಶದ ಮಾತನ್ನು ಕೇಳುವುದಿಲ್ಲ. ಉಕ್ರೇನಿನಲ್ಲಿ 2022ರ ಫೆಬ್ರವರಿಯಲ್ಲಿ ಯುದ್ಧವು ಆರಂಭವಾದೊಡನೆ ಹದಿನೆಂಟರಿಂದ ಅರವತ್ತರ ವಯಸ್ಸಿನ ಗಂಡಸರಿಗೆ ಗಡಿ ಮುಚ್ಚಿತು. 2025ರ ಆಗಸ್ಟಿನಲ್ಲಿ ಇಪ್ಪತ್ತೆರಡರ ವರೆಗಿನ ತರುಣರಿಗೆ ಮಾತ್ರ ಸಡಿಲಿಸಿದರು. ಅಲ್ಲಿ ತಾಯಿಯನ್ನು ನೋಡಲು ಹೋದ ಮಗನು ಮರಳಿ ಬರುವನೆಂಬ ನಂಬಿಕೆಯಿಲ್ಲ. ಎರಡು ದೇಶಗಳಿಗೆ ಸೇರಿದವನು ತಾನು ನೆಲೆಸಿ ಬಾಳುವ ದೇಶಕ್ಕೆ ಮಾತ್ರ ಸೈನ್ಯಸೇವೆಯನ್ನು ಸಲ್ಲಿಸಿದರೆ ಸಾಕೆಂದು 1930ರಲ್ಲಿಯೇ ಹೇಗ್ ನಗರದಲ್ಲಿ ಒಪ್ಪಂದವಾಗಿತ್ತು. ಸಹಿಮಾಡದ ದೇಶಗಳಿಗೆ ಅದು ಬರಿಯ ಕಾಗದ.

ನಮ್ಮವರಿಗೆ ಗಂಡಾಂತರವಿರುವುದು ಹೋದ ಕಡೆಯಲ್ಲಿ. ಕಲಬುರಗಿಯ ಮೂವರು ಯುವಕರು ಕಾವಲುಗಾರರ ಕೆಲಸವೆಂಬ ಮಾತನ್ನು ನಂಬಿ ರಷ್ಯಕ್ಕೆ ಹೋಗಿ, ರಣಭೂಮಿಯಲ್ಲಿ ಸಿಕ್ಕಿಕೊಂಡು, 2024ರ ಸೆಪ್ಟೆಂಬರಿನಲ್ಲಿ ಜೀವಸಹಿತ ಮರಳಿದುದನ್ನು ವಾಚಕರು ಬಲ್ಲರು. ಅದು ವಂಚನೆ. ಸಿಂಗಾಪುರದ್ದು ವಂಚನೆಯಲ್ಲ, ಹಕ್ಕುಪತ್ರದ ಜೊತೆಯಲ್ಲಿಯೇ ಬರುವ, ಮೊದಲೇ ತಿಳಿಸಿದ ಋಣ. ಮಗು ತೊಟ್ಟಿಲಲ್ಲಿದ್ದಾಗ ಸಹಿಮಾಡಿದ ತಂದೆಗೆ ಹದಿನೆಂಟು ವರ್ಷವೆಂಬುದು ಬಹು ದೂರವೆಂದು ತೋರಿರಬೇಕು.

ಭದ್ರಾವತಿಗೆ ಬೆಂಕೀಪುರವೆಂದು ಹಿಂದಿನ ಹೆಸರು. ಆ ಹೆಸರಿನ ಊರಿನಲ್ಲಿಯೇ ಮೈಸೂರು ಸರ್ಕಾರದವರು 1918ರಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕಟ್ಟತೊಡಗಿದುದು ಸೋಜಿಗ. 1923ರಲ್ಲಿ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಲು, ಭದ್ರೆಯ ನೀರು ಕೂಡಿ ಕಬ್ಬಿಣವಾಯಿತು. ವಿಶ್ವೇಶ್ವರಯ್ಯನವರು ಅಂದಿನ ದುಃಸ್ಥಿತಿಯಿಂದ ಅದನ್ನು ಮೇಲೆತ್ತಿದರು. ಅನಂತರ ಕಾಗದದ ಕಾರ್ಖಾನೆಯೂ ಬಂದಿತು. ನಮ್ಮ ಭಾವನವರ ಕಾಲದಲ್ಲಿ ಕಾರ್ಖಾನೆಯ ಸೈರನ್ನಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. 1989ರಲ್ಲಿ ಕಾರ್ಖಾನೆಯು ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು. ಕಾಗದದ ಕಾರ್ಖಾನೆಯು 2015–16ರ ಹೊತ್ತಿಗೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವು ಪ್ರಕಟವಾಗಿ, ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಒಂದಿಷ್ಟು ಕೆಲಸ ಮರಳಿ ಆರಂಭವಾಯಿತು. ವಸತಿಗೃಹಗಳ ಬೀದಿಯಲ್ಲಿ ಬೀಗಗಳನ್ನು ಎಣಿಸುತ್ತ ಹೋದೆವು. ಇಲ್ಲಿ ಕುಲುಮೆ ಆರುತ್ತ ಬಂದ ಹಾಗೆ ಇಲ್ಲಿನ ಮಕ್ಕಳು ಬೆಂಗಳೂರಿಗೂ ಸಿಂಗಾಪುರಕ್ಕೂ ಹೋದರೆಂಬುದನ್ನು ಹುಡುಗನಿಗೆ ಹೇಳುವ ಅಗತ್ಯವಿರಲಿಲ್ಲ; ತಂದೆ ಹೇಳಿದ್ದನಂತೆ.

ಹಳೆಯ ಊರಿನ ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯಕ್ಕೂ ಹೋದೆವು. ಹೊಯ್ಸಳರ ಕಾಲದ ತ್ರಿಕೂಟಾಲಯ. ಮಳೆಗೆ ನೆನೆದ ಕಲ್ಲು ಕಪ್ಪಾಗಿ ಹೊಳೆಯುತ್ತಿತ್ತು. ಅದರ ವರ್ಣನೆಯನ್ನು ಇನ್ನೊಮ್ಮೆ ಬರೆಯುವೆವು.

ಅಕ್ಕನ ಮನೆಯಲ್ಲಿ ಊಟವಾದ ಮೇಲೆ, ಮರೆಮಾಚದೆ ಎಲ್ಲವನ್ನೂ ಹೇಳಿ, ನಮ್ಮ ಮಾತು ಸುಳ್ಳಾಯಿತೆಂದು ಒಪ್ಪಿದೆವು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಆ ಹಕ್ಕನ್ನೇ ಬಿಟ್ಟು ಬಂದರಾಗದೆ?" ಎಂದಳು. ಆಗುವುದು, ಆದರೆ ಸೇವೆ ಮಾಡದೆ ಹಕ್ಕನ್ನು ಬಿಟ್ಟ ಹುಡುಗನು ಮುಂದೆ ಅಲ್ಲಿ ಓದಲೋ ಕೆಲಸಕ್ಕೋ ಅರ್ಜಿ ಹಾಕಿದರೆ ಅದು ಅವನಿಗೆ ಪ್ರತಿಕೂಲವಾಗುವುದು. ಇತ್ತ, ಮುಂದೆ ಅಲ್ಲಿನ ಪೌರನೇ ಆದರೆ ಭಾರತದ ಪೌರತ್ವವು 1955ರ ಕಾಯಿದೆಯಂತೆ ತಾನಾಗಿ ಹೋಗುವುದು; ಆಗ ಬೇಕಾಗುವ ಸಾಗರೋತ್ತರ ಭಾರತೀಯರ ಪತ್ರವನ್ನು ಪರದೇಶದ ಸೈನ್ಯದಲ್ಲಿರುವವರಿಗೂ ಇದ್ದವರಿಗೂ ಕೊಡುವುದಿಲ್ಲವೆಂಬ ನಿಯಮವೊಂದಿರುವುದು. ಕಡ್ಡಾಯಸೇವೆ ಮಾಡಿದವರ ಸಂಗತಿಯನ್ನು ರಾಯಭಾರ ಕಚೇರಿಯಲ್ಲಿಯೇ ಬರಹದಲ್ಲಿ ಕೇಳಿ ಪಡೆಯುವಂತೆ ಅಳಿಯನಿಗೆ ತಿಳಿಸಿರುವೆವು. ಇಂತಹ ಮಕ್ಕಳಿರುವ ಇತರರೂ ಹಾಗೆಯೇ ಮಾಡುವುದು ಲೇಸು. ನಮ್ಮಂತಹ ಮಾಸ್ತರರನ್ನು ಕೇಳುವುದು ಬೇಡ.

ಹುಡುಗನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅಕ್ಕನೇ ಕೇಳಿದಳು. "ನನ್ನ ಸ್ನೇಹಿತರೆಲ್ಲ ಹೋಗುವರು, ಅಜ್ಜಿ. ನಾನೊಬ್ಬನೇ ಇಲ್ಲಿ ಬಚ್ಚಿಟ್ಟುಕೊಳ್ಳಲೇ?" ಎಂದನು. ಸ್ವಲ್ಪ ತಡೆದು, "ಹೆದರಿಕೆಯೂ ಇದೆ" ಎಂದು ಸೇರಿಸಿದನು.

ಅಕ್ಕನು ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ, ಮೂರು ತಿಂಗಳಾಗುವುದಕ್ಕೆ ಎಷ್ಟು ದಿನ ಕಡಮೆ ಬಂದರೆ ಕಾಗದಪತ್ರ ಬೇಡವೆಂದು ನಮ್ಮಿಂದ ಎರಡು ಸಲ ಕೇಳಿ ತಿಳಿದುಕೊಂಡಳು. ಪ್ರತಿ ಡಿಸೆಂಬರಿನ ದೊಡ್ಡ ರಜೆಗೂ ಬರತಕ್ಕದ್ದೆಂದು ಮೊಮ್ಮಗನಿಂದ ಮಾತು ತೆಗೆದುಕೊಂಡಳು. ಆಮೇಲೆ ಅಟ್ಟದಿಂದ ಅಪ್ಪೆಮಿಡಿಯ ಜಾಡಿಯನ್ನು ಇಳಿಸಲು ನಮಗೆ ಹೇಳಿ, "ಇದು ಎರಡು ವರ್ಷ ಕೆಡುವುದಿಲ್ಲ. ಅಲ್ಲಿ ಸಿಪಾಯಿಗಳಿಗೆ ಅನ್ನ ಹಾಕುವರೋ?" ಎಂದಳು. ಹಾಕುವರೆಂದು ಹುಡುಗನು ಹೇಳಿದನು.