ಹಳೇ ಪ್ಲೇಟು, ಭಾಗ 6: ಒಮ್ಮೆ ಕೇಳ್ಸಿ ಒಯ್ಯಿ

ದೋಸ್ತರೇ, ಮೊದಲನೇ ಫೋಟೊದಾಗಿನ ಕರೀ ಪ್ಲೇಟು ನೋಡ್ರಿ. ಬಾಲಗಂಧರ್ವರ ಮರಾಠಿ ನಾಟ್ಯಗೀತೆ, 78 ಆರ್‌ಪಿಎಂ. ಇದು ನನ್ನದಲ್ಲ. ನನ್ನದೇ ಅಂತ ತಿಳ್ಕೊಂಡು ಒಂದಿನ ಬ್ಯಾರೆಯವರಿಗೆ ಕೊಟ್ಟುಬಿಟ್ಟಿದ್ದೆ.

ಹೊಸದಾಗಿ ಬಂದವರಿಗೆ ಒಂದು ಮಾತು. 78ರ ಪ್ಲೇಟು ವಿನೈಲ್ ಅಲ್ಲ, ಅರಗು ಬೆರೆಸಿ ಮಾಡಿದ್ದು. ಕೈಜಾರಿ ಬಿದ್ರೆ ಬಳೆ ಒಡೆದಂಗ ಒಡೀತದ. ಒಂದು ಬಾಜೂಗೆ ಬರೀ ಮೂರು ನಿಮಿಷದ ಹಾಡು. ಆಮೇಲೆ ಬಂದ ಎಲ್‌ಪಿಯಲ್ಲಿ ಒಂದು ಬಾಜೂಗೆ ಇಪ್ಪತ್ತು ನಿಮಿಷ ಸಿಗ್ತದ. ಎಲ್‌ಪಿ ಪಿನ್ನಿನಿಂದ 78 ನುಡಿಸಬ್ಯಾಡ್ರಿ, ಇದರ ಗೆರೆ ಅಗಲ.

ನಾನು ಹುಡುಕೋದು ಅಂಗಡಿಯಾಗಲ್ಲ, ಮಂದಿ ಮನೆ ಅಟ್ಟದ ಮ್ಯಾಲ. 1956ರ ತನಕ ಹೈದರಾಬಾದ್ ರಾಜ್ಯದಾಗಿದ್ದ ನಾಡು ನಮ್ಮದು. ಒಂದೇ ಪೆಟ್ಟಿಗ್ಯಾಗ ಕನ್ನಡ, ಮರಾಠಿ, ಉರ್ದು ಮೂರೂ ಸಿಗ್ತಾವ.

ಹೋದ ವರ್ಷ ಔರಾದದಾಗ ಒಬ್ಬ ಆಯಿ ಮನೆಗೆ ಹೋಗಿದ್ದೆ. ಹಳೇ ಸೀರೆಯಾಗ ಸುತ್ತಿದ್ದ ಒಂಬತ್ತು ಪ್ಲೇಟು ಮುಂದಿಟ್ಟಳು. ಮಿಷನ್ ಸ್ಪ್ರಿಂಗ್ ಹೋಗಿ ಎಷ್ಟೋ ವರ್ಷ ಆಗಿತ್ತು. ರೊಕ್ಕ ಬ್ಯಾಡ ಅಂದಳು. "ಇದೊಂದು ನಮ್ಮ ಮನೆಯವರು ದಿನಾ ಹಚ್ತಿದ್ರು. ಒಮ್ಮೆ ನನಗ ಕೇಳ್ಸು, ಆಮ್ಯಾಲ ನಿಂದೇ." ಹೂಂ ಅಂದೆ. ಎಷ್ಟು ಸಲೀಸಾಗಿ ಅಂದೆ ನೋಡ್ರಿ.

ಮುಂದಿನ ಐತವಾರ ಭಾಲ್ಕಿಗೆ ಹೋದೆ. ಅಲ್ಲೊಬ್ಬ ಕಾಕಾ ಕೂಡ ನನ್ನ ಅದಲುಬದಲು ನಡೀತದ. ಬಾಲಗಂಧರ್ವರ ಪ್ಲೇಟು ಕಂಡದ್ದೇ ಕಾಕಾ ಎದ್ದು ನಿಂತರು. ಒಳಗಿನಿಂದ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ತಂದು ಕೈಗಿಟ್ಟರು. ಎರಡು ವರ್ಷ ಅದಕ್ಕಾಗಿ ಬೆನ್ನು ಹತ್ತಿದ್ದೆ. ಒಂದು ನಿಮಿಷಾನೂ ಯೋಚನೆ ಮಾಡ್ಲಿಲ್ಲ. ಬೀದರಕ್ಕೆ ಬರೋ ಬಸ್ಸಿನಾಗ ಎಲ್‌ಪಿ ಮಡಿಲಾಗಿಟ್ಕೊಂಡು ಖುಷಿಲಿಂದ ಬಂದೆ.

ನಾಲ್ಕು ತಿಂಗಳ ಮ್ಯಾಲ ಔರಾದದಾಗ ಗೆಳೆಯನ ಲಗ್ನ. ಆಯಿ ಅಲ್ಲೇ ಸಿಕ್ಕಳು. ಬೈಲಿಲ್ಲ. "ತಂದೀದಿ ಏನಪ?" ಅಂತಷ್ಟೇ ಕೇಳಿದಳು. ನನ್ನ ಬಲ್ಲಿ ಉತ್ತರ ಇರಲಿಲ್ಲ. ಊಟ ಗಂಟಲಾಗ ಇಳೀಲಿಲ್ಲ.

ಮರುದಿನವೇ ಎಲ್‌ಪಿ ವಾಪಸ್ ಹಿಡ್ಕೊಂಡು ಭಾಲ್ಕಿಗೆ ಹೋಗಿ ಎಲ್ಲಾ ಹೇಳಿದೆ. ಫೋನ್‌ನಾಗ ರೆಕಾರ್ಡ್ ಮಾಡ್ಕೊಂಡು ಹೋಗ್ಲಾ ಅಂದೆ. ಕಾಕಾ ನನ್ನ ಮಾರಿ ನೋಡಿ, "ಫೋನ್ ಯಾಕೋ? ಮಿಷನ್ನೇ ಒಯ್ಯಮ್ ನಡಿ" ಅಂದರು. ಸೂಟ್‌ಕೇಸಿನಂಥಾ ಆ ಗ್ರಾಮಫೋನ್ ಬಸ್ಸಿನಾಗ ಇಬ್ಬರ ನಡುವೆ ಇಟ್ಕೊಂಡು ಹೋದೆವು.

ಎರಡನೇ ಫೋಟೊ ಆಯಿ ಮನೆ ಪಡಸಾಲಿ. ಕಾಕಾ ಚಾವಿ ತಿರುವಿ, ಹೊಸ ಪಿನ್ನು ಹಾಕಿ ಹಚ್ಚಿದರು. ಆಯಿ ಗ್ವಾಡಿಗೆ ಆತು ಕಣ್ಣು ಮುಚ್ಚಿ ಕುಂತಳು. ಮೂರು ನಿಮಿಷ ಆತು, ಹಾಡು ನಿಂತಿತು. "ಇನ್ನೊಂದು ಬಾಜು?" ಅಂದಳು. ಅದೂ ಆತು. ಕಾಕಾ ಪ್ಲೇಟು ಆಕೆಗೇ ಕೊಡಲಿಕ್ಕೆ ಹೋದರು. "ನನ್ ಬಲ್ಲಿ ಮಿಷನ್ ಎಲ್ಲದ? ನೀವೇ ಇಟ್ಕೋರಿ. ಶ್ರಾವಣದಾಗ ಒಮ್ಮೆ ಬರ್ರಿ" ಅಂದಳು.

1902ರಲ್ಲಿ ಕಲ್ಕತ್ತಾದಾಗ ಗೌಹರ್ ಜಾನ್ ರೆಕಾರ್ಡಿಗೆ ಹಾಡಿದಾಗ, ಹಾಡಿನ ಕೊನೆಗೆ ತನ್ನ ಹೆಸರು ತಾನೇ ಹೇಳ್ತಿದ್ದಳು. ಪ್ಲೇಟು ಅಚ್ಚಾಗೋದು ಜರ್ಮನಿಯಲ್ಲಿ. ಅಲ್ಲಿನವರಿಗೆ ಇದು ಯಾರ ದನಿ ಅಂತ ತಿಳೀಬೇಕಲ್ಲ! ಈಗ ನಾನೂ ಹಂಗೇ ಮಾಡ್ತೀನಿ. ಪ್ರತಿ ಪ್ಲೇಟಿನ ಕವರ್ ಒಳಗ ಪೆನ್ಸಿಲ್‌ನಾಗ ಬರೀತೀನಿ: ಯಾವ ಊರು, ಯಾರ ಮನೆ, ಏನು ಮಾತು ಕೊಟ್ಟೀನಿ. ಅದಲುಬದಲು ಮಾಡೋವಾಗ ಆ ಚೀಟಿನೂ ಜೋಡಿ ಹೋಗ್ತದ.

ನಿಮ್ಮ ಮುತ್ಯಾನ ಅಟ್ಟದಾಗ ಪ್ಲೇಟು ಇದ್ರ ನನಗ ಹೇಳ್ರಿ, ಬರ್ತೀನಿ. ಬರೋವಾಗ ಕಾಕಾನ ಮಿಷನ್ ತರ್ತೀನಿ. ಮೊದಲು ನಿಮ್ಮ ಮನೆಯವರು ಕೇಳ್ಲಿ.