ಗೌಜಲಕ್ಕಿಯ ಮೇವಿನ ಚೀಲ

ಆ ಕೊರಡನ್ನು ಬೆಂಕಿಯೊಳಕ್ಕೆ ಇನ್ನಷ್ಟು ನೂಕು, ಹೇಳುತ್ತೇನೆ. ನಮ್ಮ ಸೋದರಮಾವನ ಊರು ಹಿರಿಯೂರು ಸೀಮೆಯದು. ಸುತ್ತ ಎರೆಹೊಲ, ಹೊಲಕ್ಕೂ ಹೊಲಕ್ಕೂ ನಡುವೆ ಕಳ್ಳಿ, ಕಾರೆ, ಜಾಲಿಯ ಬೇಲಿ. 1972ರ ವನ್ಯಜೀವಿ ಕಾಯ್ದೆ ಇನ್ನೂ ಬಂದಿರಲಿಲ್ಲ. ಮಾವನ ಹತ್ತಿರ ಲೈಸೆನ್ಸಿನ ಕೇಪಿನ ಬಂದೂಕಿತ್ತು. ಮಳೆಗಾಲ ಮುಗಿಯಿತೆಂದರೆ ಗೌಜಲಕ್ಕಿ ಶಿಕಾರಿ ಅವನಿಗೆ ಹಬ್ಬ.

ಆ ವರ್ಷ ಚಿತ್ತೆ ಮಳೆ ಹದವಾಗಿ ಬಿದ್ದು ಊರಿಗೆ ಊರೇ ಕಡಲೆ ಬಿತ್ತಿತ್ತು. ಪಕ್ಕದ ಹೊಲದ ಗೌಡರು ಬೆಳಗ್ಗೆಯೇ ಬಂದರು. "ಸಾಲಿಗೆ ಸಾಲೇ ಕೆದಕಿ ಹಾಕ್ಯಾವೆ ಕಣಪ್ಪ. ಬಂದೂಕು ತಗೊಂಡು ಬಾ, ಒಂದನ್ನೂ ಉಳಿಸಬೇಡ" ಅಂದರು. ಮಾವನಿಗೆ ಅಷ್ಟು ಸಾಕಿತ್ತು.

ಬಂದೂಕು ತುಂಬುವುದೇ ಒಂದು ಕೆಲಸ. ನಳಿಗೆಗೆ ಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜದಲ್ಲಿ ಜಡಿದು, ಮೇಲೆ ಚರೆ ಹಾಕಿ, ಮತ್ತೆ ಕತ್ತ ತುರುಕಿ ಜಡಿಯಬೇಕು. ಕೊನೆಗೆ ಕೇಪು. ಒಂದು ಈಡು ಹಾರಿದರೆ ಇಷ್ಟೂ ಮೊದಲಿಂದ ಆಗಬೇಕು. ಅದಕ್ಕೇ ಮಾವ ತನ್ನ ಗುರಿಗಿಂತ ಹಕ್ಕಿಯ ನಡತೆಯನ್ನೇ ಹೆಚ್ಚು ನಂಬಿದ್ದ. ಗೌಜಲಕ್ಕಿ ಸುಲಭಕ್ಕೆ ರೆಕ್ಕೆ ಬಿಚ್ಚುವುದಿಲ್ಲ, ಕಾಲೇ ಅದರ ಬಲ. ತಲೆ ತಗ್ಗಿಸಿ ಸಾಲಿನಲ್ಲೇ ಓಡಿ ಬೇಲಿ ಸೇರುತ್ತದೆ. ತೀರ ಮೈಮೇಲೆ ಹೋದಾಗ ಮಾತ್ರ ಬುರ್ರನೆ ಎದ್ದು, ತಗ್ಗಿನಲ್ಲೇ ಒಂದಿಷ್ಟು ದೂರ ಹಾರಿ ಇಳಿದುಬಿಡುತ್ತದೆ. ಹಾಗಾಗಿ ಅವನು ಬೇಲಿ ಮಗ್ಗುಲ ಬದುವಿನ ಮರೆಯಲ್ಲಿ ಕೂತ. ಆಚೆ ತುದಿಯಿಂದ ನಿಧಾನ ನಡೆದು ಬರುವ ಕೆಲಸ ನನ್ನದು.

ಹುತ್ತದ ಮೇಲಿಂದ ಗಂಡೊಂದು ಒಂದೇ ಸಮ ಕೂಗುತ್ತಿತ್ತು. ನಾನು ಹೊಲಕ್ಕೆ ಕಾಲಿಟ್ಟದ್ದೇ ಕೂಗು ನಿಂತಿತು. ಮಣ್ಣಿನ ಹೆಂಟೆಗಳೇ ಎದ್ದು ಓಡಿದ ಹಾಗೆ ಸಾಲಿನೊಳಗೆ ಬೂದುಗಂದು ಬೆನ್ನುಗಳು ಸರಿದವು. ಬದುವಿನ ಹತ್ತಿರ ಗುಂಪು ಒಡೆದು ದಿಕ್ಕಾಪಾಲಾಗಿ ಎದ್ದಿತು. ಢಂ ಎಂದಿತು. ಹೊಗೆ ಕವಿದು ಮಾವನೇ ಕಾಣಲಿಲ್ಲ.

ಬಿದ್ದದ್ದು ಒಂದು ಗಂಡು. ನಾನೇ ಎತ್ತಿಕೊಂಡೆ, ಮೈ ಇನ್ನೂ ಬೆಚ್ಚಗಿತ್ತು. ಎದೆ ತುಂಬ ಕೂದಲೆಳೆ ದಪ್ಪದ ಅಡ್ಡಗೆರೆ, ಗಂಟಲ ಸುತ್ತ ಸಣ್ಣ ಕಪ್ಪು ಅಂಚು, ಕಾಲಿನ ಹಿಂದೆ ಮೊನಚು ಮುಳ್ಳು.

ಗೌಡರೂ ಓಡಿ ಬಂದರು. ಮಾವ ಬದುವಿನ ಮೇಲೇ ಕೂತು, ಕೊರಳ ಬುಡದ ಮೇವಿನ ಚೀಲ ಸೀಳಿ ಗೌಡರ ಟವೆಲಿನ ಮೇಲೆ ಸುರಿದ. ಮುದ್ದೆಗಟ್ಟಿದ ಗೆದ್ದಲು, ಹುಲ್ಲಿನ ಬೀಜ, ಯಾವುದೋ ಹುಳದ ಹೊಳೆಯುವ ಗಟ್ಟಿ ರೆಕ್ಕೆ, ನೆನೆದು ಉಬ್ಬಿದ ಎರಡು ಕಡಲೆಕಾಳು. ಗೌಡರು ಬೆರಳಲ್ಲಿ ಕೆದಕಿ ಕೆದಕಿ ನೋಡಿದರು. "ಇಷ್ಟೇನಾ?" ಅಂದರು. ಮಾವ ಮಾತಾಡದೆ ಕೆದರಿದ ಸಾಲು ಹಿಡಿದು ನಡೆದ. ಸಾಲು ಬದುವಿಗೆ ಮುಟ್ಟಿದಲ್ಲಿ ಇಲಿ ಬಿಲ, ಬಾಯಿ ತುಂಬ ಕಡಲೆಸಿಪ್ಪೆ. "ನಿಮ್ಮ ಕಳ್ಳ ಇಲ್ಲಿ ಅವ್ನೆ ಗೌಡ್ರೆ" ಅಂದ.

ವಾಪಸು ಬಂದು ಎಂದಿನಂತೆ ನಳಿಗೆಗೆ ಮದ್ದು ಸುರಿಯಹೊರಟಾಗ ಗೌಡರು ಗಜ ಹಿಡಿದುಕೊಂಡರು. "ಸಾಕು ಬಿಡಪ್ಪ. ಹಾಳು ಗೆದ್ದಲನ್ನ ಬೇರೆ ಯಾರು ತಿಂತಾರೆ?"

ಮಾವ ಅಂದಿನಿಂದ ಶಿಕಾರಿ ಬಿಟ್ಟ ಅಂತ ಹೇಳಿದರೆ ಸುಳ್ಳಾಗುತ್ತದೆ. ಬೇರೆ ಕಡೆ ಹೊಡೆದ, ಆ ಹೊಲದಲ್ಲಿ ಮಾತ್ರ ಮತ್ತೆ ಈಡು ಹಾರಿಸಲಿಲ್ಲ. ಆಮೇಲೆ ಕಾಯ್ದೆ ಬಂತು. 1991ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಶಿಕಾರಿಯೂ ನಿಂತಿತು, ನಿಲ್ಲಬೇಕಾದ್ದೇ. ಆದರೆ ಬಂದೂಕಿನಿಂದ ಉಳಿದ ಹಕ್ಕಿಗೆ ಈಗ ಬೇಲಿಯೇ ಇಲ್ಲ. ಜೆಸಿಬಿ ತಂದು ಒಂದೇ ಹಗಲಲ್ಲಿ ಕಳ್ಳಿ, ಜಾಲಿ ಎಲ್ಲ ಬಳಿದು ತಂತಿ ಎಳೆಯುತ್ತಾರೆ. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಗೌಡರೂ ಆ ಶಿಕಾರಿಯ ಮರುಬೇಸಗೆ ಬದು ಸವರಿಸಿದರು, ಆಳುಗಳನ್ನಿಟ್ಟು ಮಚ್ಚಿನಲ್ಲಿ. ನಡುವೆ ನಾಲ್ಕು ಜಾಲಿ, ಅದರ ಬುಡದ ಕಾರೆಮೆಳೆ ಹಾಗೇ ನಿಂತಿತ್ತು. "ಅದೊಂದು ಯಾಕೆ ಬಿಟ್ರಿ?" ಅಂತ ಮಾವ ಕೇಳಿದ.

"ರಾತ್ರಿ ಅಲ್ಲೇ ಕೂರ್ತಾವಲ್ಲಪ್ಪ ಅವು" ಅಂದರು.