ಕಾಮದಹನದಿಂದ ಮದನಮೋಹನನವರೆಗೆ

ಫಾಲ್ಗುಣ ಶುದ್ಧ ಪೂರ್ಣಿಮೆಯ ರಾತ್ರಿ ಹೊತ್ತಿಸುವ ಬೆಂಕಿಗೆ ದೇಶದಾದ್ಯಂತ ಒಂದೇ ಕಥೆಯಿಲ್ಲ. ಕನ್ನಡನಾಡಿನಲ್ಲಿ, ವಿಶೇಷವಾಗಿ ಉತ್ತರದ ಜಿಲ್ಲೆಗಳಲ್ಲಿ, ಅದು ಕಾಮದಹನ. ಶಿವನ ಹಣೆಗಣ್ಣಿಗೆ ತುತ್ತಾದ ಮನ್ಮಥನ ನೆನಪು. ಹುಡುಗರು ಹಲಗೆ ಬಾರಿಸುತ್ತ ಮನೆಮನೆಯ ಕುಳ್ಳು ಕಟ್ಟಿಗೆಗಳನ್ನು ಬೇಡಿಯೋ ಕದ್ದೋ ತರುತ್ತಾರೆ. ಕಾಮಣ್ಣನನ್ನು ಸುಟ್ಟು ಬಾಯಿ ಬಡಿದುಕೊಳ್ಳುತ್ತಾರೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರುವವರೂ ಉಂಟು. ಮುಂಬಯಿಗೆ ಬಂದ ಕನ್ನಡಿಗನು ಅದೇ ಹುಣ್ಣಿಮೆಯಂದು ಅಂಥದೇ ಬೆಂಕಿಯನ್ನು ಕಾಣುತ್ತಾನೆ. ಆದರೆ ಅದಕ್ಕೆ ತೆಂಗಿನಕಾಯಿಯನ್ನೂ ಪೂರಣಪೋಳಿಯನ್ನೂ ಅರ್ಪಿಸುವ ನೆರೆಯವರು ಹೇಳುವ ಕಥೆ ಹೋಲಿಕಾ ಎಂಬ ರಾಕ್ಷಸಿಯದು, ಅವಳ ತೊಡೆಯ ಮೇಲೆ ಕುಳಿತೂ ಸುಡದೆ ಉಳಿದ ಪ್ರಹ್ಲಾದನದು. ಒಂದು ಕಥೆಯಲ್ಲಿ ಬೆಂದುಹೋದವನು ದೇವತೆ, ಇನ್ನೊಂದರಲ್ಲಿ ರಾಕ್ಷಸಿ. ಧಾರವಾಡದ ಕಡೆಯ ಮಾಧ್ವ ಮನೆತನದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ನನಗೆ ಈ ಎರಡು ಕಥೆಗಳಿಗೂ ಸಂಬಂಧವೇನು, ವಿಷ್ಣುಭಕ್ತನಿಗೆ ಈ ಹಬ್ಬದ ಅರ್ಥವೇನು ಎಂಬ ಪ್ರಶ್ನೆ ಬಹುಕಾಲದಿಂದ ಕಾಡಿದೆ. ಅದನ್ನು ಕುರಿತ ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಬಯಸುತ್ತೇನೆ.

ಮೊದಲು ಪ್ರಹ್ಲಾದನ ಮಾತು. ಅವನ ಚರಿತ್ರೆಗೆ ಮುಖ್ಯ ಆಧಾರವೆನಿಸಿದ ಭಾಗವತದ ಸಪ್ತಮಸ್ಕಂಧದಲ್ಲಿ ಹೋಲಿಕೆಯ ಹೆಸರಿಲ್ಲವೆಂಬುದು ಗಮನಾರ್ಹ. ಹಿರಣ್ಯಕಶಿಪು ಮಗನಿಗೆ ಕೊಡಿಸಿದ ಹಲವು ಹಿಂಸೆಗಳಲ್ಲಿ ಬೆಂಕಿಯೂ ಒಂದು, ಅಷ್ಟೆ. ಪುರಾಣಕಾರನ ಲಕ್ಷ್ಯವಿರುವುದು ಬೆಂಕಿಯ ಮೇಲಲ್ಲ, ಬಾಲಕನ ಬಾಯಿಂದ ಬರುವ ಭಕ್ತಿಯ ಮೇಲೆ. ಶ್ರವಣದಿಂದ ಆತ್ಮನಿವೇದನದವರೆಗಿನ ನವವಿಧ ಭಕ್ತಿಯನ್ನು ತಂದೆಯೆದುರು ಹೇಳುವವನು ಪ್ರಹ್ಲಾದನೇ. ಕೊನೆಗೆ ನರಸಿಂಹನು ವರ ಬೇಡೆಂದಾಗ ಅವನು ಕೇಳಿಕೊಳ್ಳುವುದೇನು? ತನ್ನ ಹೃದಯದಲ್ಲಿ ಕಾಮಗಳು ಮೊಳೆಯದಿರಲಿ ಎಂಬುದನ್ನು. ಅನಂತರ ತನ್ನನ್ನು ಹಿಂಸಿಸಿದ ತಂದೆಯ ಶುದ್ಧಿಯನ್ನು. ಬೆಂಕಿಯನ್ನು ಗೆದ್ದ ಬಾಲಕ ಕೊನೆಗೂ ಅಂಜುವುದು ಕಾಮಕ್ಕೆ. ಹೀಗೆ ನೋಡಿದಾಗ ಮುಂಬಯಿಯ ಬೆಂಕಿಗೂ ಧಾರವಾಡದ ಬೆಂಕಿಗೂ ನಂಟು ಬೆಳೆಯತೊಡಗುತ್ತದೆ. ರಾಘವೇಂದ್ರಸ್ವಾಮಿಗಳನ್ನು ಪ್ರಹ್ಲಾದನ ಅವತಾರವೆಂದು ನಂಬುವ ಮನೆಗಳಲ್ಲಿ ಈ ಬಾಲಕ ಪುರಾಣದ ದೂರದ ಪಾತ್ರವಲ್ಲ, ಗುರುಪರಂಪರೆಯ ಆಪ್ತ.

ಹಾಗಾದರೆ ಕಾಮನನ್ನು ಸುಟ್ಟಲ್ಲಿಗೆ ಹಬ್ಬ ಮುಗಿಯಿತೆ? ಇಲ್ಲಿಯೇ ವೈಷ್ಣವ ದೃಷ್ಟಿಯ ವಿಶೇಷವಿದೆ. ಮಾಧ್ವರ ತಾರತಮ್ಯದಲ್ಲಿ ಕಾಮನು ಇಂದ್ರನ ಸಾಲಿನಲ್ಲಿ ನಿಲ್ಲುವ ದೇವತೆ; ಸುಟ್ಟು ಬಿಸುಡಬೇಕಾದ ಪಿಶಾಚಿಯಲ್ಲ. ಗೀತೆಯ ಮೂರನೆಯ ಅಧ್ಯಾಯ ಕಾಮವನ್ನು ವೈರಿಯೆನ್ನುತ್ತದೆ. ಏಳನೆಯ ಅಧ್ಯಾಯದಲ್ಲಿ ಧರ್ಮಕ್ಕೆ ವಿರುದ್ಧವಲ್ಲದ ಕಾಮ ತಾನೇ ಎಂದು ಕೃಷ್ಣನು ಹೇಳುತ್ತಾನೆ. ಈ ಎರಡು ಮಾತುಗಳ ನಡುವಿನ ಹಾದಿಯನ್ನು ಭಾಗವತದ ದಶಮಸ್ಕಂಧ ಕಥೆಯಾಗಿ ತೋರಿಸುತ್ತದೆ. ರುದ್ರನ ಕೋಪದಿಂದ ಬೆಂದ ಕಾಮನು ಮತ್ತೆ ಶರೀರ ಪಡೆಯಲು ಕೃಷ್ಣ ರುಕ್ಮಿಣಿಯರ ಮಗನಾಗಿ, ಪ್ರದ್ಯುಮ್ನನೆಂಬ ಹೆಸರಿನಿಂದ ಹುಟ್ಟುತ್ತಾನೆ. ಶಂಬರಾಸುರನು ಆ ಹಸುಗೂಸನ್ನು ಕದ್ದು ಕಡಲಿಗೆ ಎಸೆಯುತ್ತಾನೆ, ಮೀನೊಂದು ನುಂಗುತ್ತದೆ, ಆ ಮೀನು ಶಂಬರನ ಅಡಿಗೆಮನೆಗೇ ಬರುತ್ತದೆ. ಅಲ್ಲಿ ಅನ್ನ ಬೇಯಿಸುತ್ತ, ಸುಟ್ಟುಹೋದ ಗಂಡನಿಗೆ ದೇಹ ಬರುವುದನ್ನೇ ಕಾಯುತ್ತ, ಮಾಯಾವತಿಯೆಂಬ ಹೆಸರಿನಲ್ಲಿ ಇದ್ದವಳು ರತಿ. ಶಿವನು ಸುಟ್ಟದ್ದನ್ನು ಹರಿಯು ತನ್ನ ಮನೆಯ ಮಗನನ್ನಾಗಿ ಮಾಡಿಕೊಂಡನೆಂಬುದು ಈ ಕಥೆಯ ತಾತ್ಪರ್ಯ. ಕಾಮವು ನಾಶವಾಗಬೇಕಾದದ್ದಲ್ಲ, ತನ್ನ ಒಡೆಯನ ಮನೆಯನ್ನು ಸೇರಬೇಕಾದದ್ದು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕಥೆಯ ಬೇರೆ ಬೇರೆ ಮುಖಗಳು ಅಪರಿಚಿತವಲ್ಲ. ಹರಿಹರನ ಗಿರಿಜಾಕಲ್ಯಾಣದಲ್ಲಿ ಕಾಮನು ಬೂದಿಯಾಗುತ್ತಾನೆ, ರತಿಯ ಪ್ರಲಾಪ ಮುಗಿಲು ಮುಟ್ಟುತ್ತದೆ. 13ನೆಯ ಶತಮಾನದ ಜೈನಕವಿ ಆಂಡಯ್ಯ ತನ್ನ ಕಬ್ಬಿಗರ ಕಾವದಲ್ಲಿ ಕಾಮನನ್ನೇ ಶಿವನ ಮೇಲೆ ಗೆಲ್ಲಿಸುತ್ತಾನೆ. ಆ ಕಾವ್ಯಕ್ಕೆ ‘ಸೊಬಗಿನ ಸುಗ್ಗಿ’ ಎಂಬ ಇನ್ನೊಂದು ಹೆಸರೂ ಇದೆ. ಕನಕದಾಸರ ಮೋಹನ ತರಂಗಿಣಿ ಮೂರನೆಯ ದಾರಿಯನ್ನು ಹಿಡಿಯುತ್ತದೆ. ಕೃಷ್ಣಚರಿತೆಯನ್ನು ಹೇಳುವ ಆ ಸಾಂಗತ್ಯ ಕೃತಿಯಲ್ಲಿ ಕಾಮದಹನವೂ ಇದೆ, ಪ್ರದ್ಯುಮ್ನನ ಜನನವೂ ಶಂಬರವಧೆಯೂ ಇವೆ. ಉಷೆ ಅನಿರುದ್ಧರ ಪ್ರಣಯದಲ್ಲಿ ಕಾಮನ ವಂಶ ಮುಂದುವರಿಯುತ್ತದೆ. ಹರಿದಾಸನಾದವನು ಶೃಂಗಾರಕಾವ್ಯವನ್ನೇಕೆ ಬರೆದನೆಂದು ಕೇಳುವವರುಂಟು. ಕಾಮನು ಕೃಷ್ಣನ ಮಗನಾದ ಮೇಲೆ ಶೃಂಗಾರವೂ ಹರಿಯ ಮನೆಯ ಮಾತೇ ಆಗುವುದರಿಂದ, ಆ ಪ್ರಶ್ನೆಗೆ ಕಥೆಯೇ ಉತ್ತರವೀಯುತ್ತದೆಂದು ನನಗೆ ತೋರುತ್ತದೆ.

ನಾನು ಈ ಕಥೆಯನ್ನು ಕಾವ್ಯದಲ್ಲಿ ಓದುವ ಮೊದಲೇ ನಮ್ಮ ಮನೆಯ ಅಡಿಗೆಮನೆಯಲ್ಲಿ ಕೇಳಿದ್ದೆ. ದಾದರಿನ ಚಾಳಿನ ಎರಡು ಕೋಣೆಗಳ ಮನೆಯಲ್ಲಿ ನಮ್ಮೊಡನೆ ತಂದೆಯವರ ಅಕ್ಕ ಇದ್ದರು. ನಾವೆಲ್ಲ ಅವರನ್ನು ಅತ್ಯಾ ಎಂದು ಕರೆಯುತ್ತಿದ್ದೆವು. ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ, ತಲೆಗೂದಲು ತೆಗೆಸಿ, ಕೆಂಪು ಸೀರೆ ಉಟ್ಟು ತಮ್ಮನ ಮನೆ ಸೇರಿದವರು. ಮಡಿಯ ಅಡಿಗೆ ಅವರದೇ. ಧೂಳವಾಡಿನ ದಿನ ಚಾಳಿನ ಪಡಸಾಲೆಯೆಲ್ಲ ಗುಲಾಲಿನಿಂದ ಕೆಂಪಾದಾಗ ಅವರು ಒಳಬಾಗಿಲು ಮುಂದಕ್ಕೆಳೆದುಕೊಂಡು ಅಕ್ಕಿ ಆರಿಸುತ್ತ ಕೂಡುತ್ತಿದ್ದರು. ಒಂದು ವರ್ಷ ನೆರೆಮನೆಯ ಮರಾಠಿ ಹುಡುಗಿ ಹಿಡಿ ಗುಲಾಲು ತಂದು ಅವರ ಕಾಲಿಗೆ ಹಚ್ಚಬಂದಳು. ಅತ್ಯಾ ಕಾಲು ಹಿಂದಕ್ಕೆಳೆದುಕೊಂಡು, ಆ ಬಣ್ಣವನ್ನು ಅಂಗೈಯಲ್ಲಿ ಇಸಿದುಕೊಂಡು, ದೇವರ ಜಗುಲಿಯ ಕೃಷ್ಣನಿಗೆ ಏರಿಸಿದರು. ಉಳಿದದ್ದನ್ನು ಪ್ರಸಾದವೆಂದು ಆ ಹುಡುಗಿಯ ಹಣೆಗೂ ನಮ್ಮ ಹಣೆಗೂ ಇಟ್ಟರು. ಆಮೇಲೆ ತಮ್ಮ ಬೆರಳಿಗೆ ಹತ್ತಿದ್ದನ್ನು ಬಚ್ಚಲಿನಲ್ಲಿ ತಿಕ್ಕಿ ತಿಕ್ಕಿ ತೊಳೆದುಕೊಂಡರು. ಅಂದು ರಾತ್ರಿ ಪ್ರದ್ಯುಮ್ನನ ಕಥೆ ಹೇಳಿ, “ರತೀನೂ ಮಂದಿ ಮನ್ಯಾಗ ಅಡಿಗಿ ಮಾಡಿಕೋತ ಕೂತಿದ್ಲಪಾ. ಆದ್ರ ಆಕಿಗೆ ಹೋದಾಂವ ತಿರುಗಿ ಬಂದ” ಎಂದರು. ದುಃಖದ ಧ್ವನಿ ಅದರಲ್ಲಿರಲಿಲ್ಲ. ಹೋಲಿಸಿ ನೋಡಿ ಲೆಕ್ಕ ಮುಗಿಸಿದವರ ಧ್ವನಿಯಿತ್ತು.

ದೇವರಿಗೆ ಏರಿಸಿದ ಬಣ್ಣ ಪ್ರಸಾದವಾಗುತ್ತದೆಂಬುದನ್ನು ಅತ್ಯಾ ಯಾವ ವ್ರಜದಲ್ಲಿಯೂ ಕಲಿತವರಲ್ಲ. ಆದರೆ ವ್ರಜಮಂಡಲದ ಹೋಳಿಯ ತಿರುಳೂ ಅದೇ. ಅಲ್ಲಿಯ ದೇವಾಲಯಗಳಲ್ಲಿ ವಸಂತಪಂಚಮಿಯಂದೇ ದೇವರಿಗೆ ಗುಲಾಲು ಸಮರ್ಪಿಸಿ, ಮುಂದೆ ಸುಮಾರು ನಲವತ್ತು ದಿನ ಆ ಉತ್ಸವವನ್ನು ನಡೆಸುತ್ತಾರೆ. ಬರಸಾನೆಯ ಹೆಂಗಸರು ನಂದಗಾಂವದ ಗಂಡಸರನ್ನು ಕೋಲು ಹಿಡಿದು ಅಟ್ಟುವಾಗ ರಾಧೆಯ ಊರು ಕೃಷ್ಣನ ಊರನ್ನು ಸೋಲಿಸುತ್ತದೆ. ನಮ್ಮ ಕರಾವಳಿಯ ವೆಂಕಟರಮಣ ದೇವಾಲಯಗಳಲ್ಲಿ ರಥೋತ್ಸವದ ಬಳಿಕ ಆಡುವ ಓಕುಳಿಯಲ್ಲಿಯೂ ಇದೇ ಭಾವದ ಎಳೆಯಿದೆ. ಬಂಗಾಳದ ವೈಷ್ಣವರಿಗೆ ಈ ಹುಣ್ಣಿಮೆ ಇನ್ನೂ ಮಹತ್ತ್ವದ್ದು: ರಾಧಾಕೃಷ್ಣರನ್ನು ಉಯ್ಯಾಲೆಯಲ್ಲಿ ತೂಗುವ ದೋಲಯಾತ್ರೆಯ ದಿನವೇ, 1486ರಲ್ಲಿ, ನವದ್ವೀಪದಲ್ಲಿ ಚೈತನ್ಯರು ಜನಿಸಿದರು. ಅಂದು ಚಂದ್ರಗ್ರಹಣವಿದ್ದು, ಗಂಗೆಯಲ್ಲಿ ಮೀಯುತ್ತಿದ್ದ ಜನರ ಹರಿನಾಮಘೋಷದ ನಡುವೆ ಅವರ ಜನನವಾಯಿತೆಂದು ಚರಿತ್ರಕಾರರು ವರ್ಣಿಸುತ್ತಾರೆ. ಗೌಡೀಯರು ಈ ದಿನ ಚಂದ್ರೋದಯದವರೆಗೆ ಉಪವಾಸವಿರುತ್ತಾರೆ. ಅದೇ ಚೈತನ್ಯರು ದಕ್ಷಿಣಯಾತ್ರೆಯಲ್ಲಿ ಉಡುಪಿಗೆ ಬಂದು ತತ್ತ್ವವಾದಿಗಳೊಡನೆ ಚರ್ಚಿಸಿದರೆಂದು ಚೈತನ್ಯಚರಿತಾಮೃತ ಹೇಳುತ್ತದೆ. ಅವರ ಶಿಷ್ಯ ಸನಾತನ ಗೋಸ್ವಾಮಿ ವೃಂದಾವನದಲ್ಲಿ ಸೇವಿಸಿದ ಕೃಷ್ಣನ ಹೆಸರು ಮದನಮೋಹನ. ಜಗತ್ತನ್ನೆಲ್ಲ ಮರುಳುಮಾಡುವ ಮದನನನ್ನೇ ಮರುಳುಮಾಡಿದವನೆಂದು ಇದರ ಅರ್ಥ. ಪ್ರಹ್ಲಾದನು ಅಂಜಿದ್ದು ಯಾವುದಕ್ಕೋ, ಶಿವನು ಸುಟ್ಟದ್ದು ಯಾವುದನ್ನೋ ಅದು ಇಲ್ಲಿ ತಾನಾಗಿ ಕೈಮುಗಿದು ನಿಂತಿದೆ. ಹುಣ್ಣಿಮೆಯ ಬೆಂಕಿಯ ಮರುದಿನವೇ ಬಣ್ಣ ಬರುವುದು ಇದಕ್ಕಾಗಿ ಎಂದು ನಾನು ತಿಳಿದಿದ್ದೇನೆ: ‘ನನ್ನದು’ ಎಂಬ ಕಾಮ ಬೂದಿಯಾದ ಮೇಲೆ ಉಳಿಯುವ ಪ್ರೀತಿಗೆ ಬಣ್ಣ ಬೇಡವಾಗುವುದಿಲ್ಲ.

ಆದರೆ ಸಿದ್ಧಾಂತ ಒಪ್ಪಿದ್ದನ್ನು ಆಚಾರ ಒಪ್ಪಲಿಲ್ಲ. ಆ ವೃಂದಾವನದಲ್ಲಿಯೇ, ಮದನಮೋಹನನ ನೆರಳಿನಲ್ಲಿ, ಮನೆಯವರು ಬಿಟ್ಟುಹೋದ ಸಾವಿರಾರು ವಿಧವೆಯರು ಬಿಳಿಯ ಸೀರೆಯಲ್ಲಿ ಭಜನೆ ಹಾಡಿ ಬದುಕುತ್ತ ಬಂದಿದ್ದಾರೆ. ಹೋಳಿ ಅವರ ಪಾಲಿಗಿರಲಿಲ್ಲ. 2013ರಲ್ಲಿ ಸುಲಭ್ ಇಂಟರ್‌ನ್ಯಾಷನಲ್ ಸಂಸ್ಥೆಯವರ ಏರ್ಪಾಡಿನಿಂದ ಅವರು ತಮ್ಮ ಆಶ್ರಮದಲ್ಲಿ ಹೂವು ಗುಲಾಲುಗಳ ಹೋಳಿಯಾಡಿದರು. 2016ರಲ್ಲಿ ಪ್ರಾಚೀನವಾದ ಗೋಪೀನಾಥ ದೇವಾಲಯದ ಅಂಗಳದಲ್ಲಿಯೇ ಆಡಿದರು. ವೃತ್ತಪತ್ರಿಕೆಗಳಲ್ಲಿ ಬಂದ ಆ ಚಿತ್ರಗಳಲ್ಲಿ ಮುದುಕಿಯರ ಬಿಳಿಯ ಸೀರೆಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಒಬ್ಬರು ಇನ್ನೊಬ್ಬರ ತಲೆಯ ಮೇಲೆ ಎಸಳುಗಳನ್ನು ಸುರಿಯುತ್ತಿದ್ದರು. ಇದನ್ನು ಸಮಾಜಸುಧಾರಣೆಯೆಂದು ಕರೆದವರು ತಪ್ಪು ಹೇಳಲಿಲ್ಲ. ನನಗೆ ಅದು ಶಾಸ್ತ್ರಾರ್ಥವಾಗಿಯೂ ಕಂಡಿತು. ನವವಿಧ ಭಕ್ತಿಯ ಕೊನೆಯ ಮೆಟ್ಟಿಲಾದ ಆತ್ಮನಿವೇದನವನ್ನು ಏರಿದವರಿಗೆ ದೇವರ ಮೈಮೇಲಿನ ಬಣ್ಣವನ್ನು ನಿರಾಕರಿಸಲು ಯಾವ ಪುರಾಣದ ಆಧಾರವಿದೆ? ಗಂಡನು ಬೂದಿಯಾದ ಬಳಿಕ ಶಂಬರನ ಅಡಿಗೆಮನೆಯಲ್ಲಿದ್ದ ರತಿಯನ್ನು ಭಾಗವತಕಾರನು ಅಲ್ಲಿಯೇ ಬಿಡಲಿಲ್ಲ. ಪ್ರದ್ಯುಮ್ನನೊಡನೆ ದ್ವಾರಕೆಯ ಅಂತಃಪುರಕ್ಕೆ ಕರೆತಂದು ರುಕ್ಮಿಣಿಯ ಮುಂದೆ ಸೊಸೆಯಾಗಿ ನಿಲ್ಲಿಸಿದನು. ವಸಂತದ ಈ ಹಬ್ಬವನ್ನು ವೈಷ್ಣವರು ಆಚರಿಸುವಾಗ ಸುಡುವ ಭಾಗವನ್ನಷ್ಟೇ ಅಲ್ಲದೆ, ಮನೆಗೆ ಕರೆತರುವ ಈ ಭಾಗವನ್ನೂ ನೆನೆಯಬೇಕಾಗಿದೆ.